ಬೈಂಡಿಂಗ್ ಅಕ್ಕನ ಮೊಣಕೈ

ಬೆಳಿಗ್ಗೆ ಎದ್ದ ಕೂಡಲೇ ಬೆರಳು ಮಡಚಲು ಬಾರದೆ, ಬಿಸಿನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ಕೂರುವವರು ಪ್ರತಿ ಬೀದಿಯಲ್ಲೂ ಒಬ್ಬರಾದರೂ ಇರುತ್ತಾರೆ. ಕೇಳಿದರೆ, ‘ಏನಿಲ್ಲ, ಸ್ವಲ್ಪ ಹಿಡ್ಕೊಂಡಿದೆ’ ಎನ್ನುತ್ತಾರೆ. ಗಂಟೆಗಟ್ಟಲೆ ಬಿಡದೆ ಇರುವುದು ‘ಸ್ವಲ್ಪ’ ಹೇಗಾಗುತ್ತದೆ ಎಂದು ಅವರನ್ನು ಯಾರೂ ಕೇಳುವುದಿಲ್ಲ.

ಬೈಂಡಿಂಗ್ ಅಕ್ಕ ಅಂಥವರಲ್ಲಿ ಒಬ್ಬಳು. ಬೀದಿಯ ಮೂಲೆಯಲ್ಲಿ ಅವಳ ಅಂಗಡಿ. ಶಾಲೆಯ ಹಾಜರಿ ಪುಸ್ತಕ, ಗ್ರಂಥಾಲಯದ ಹರಿದ ಕಾದಂಬರಿ, ವಕೀಲರ ದಪ್ಪ ದಪ್ಪ ಕಾನೂನು ಪುಸ್ತಕ, ಯಾರದೋ ಅಜ್ಜನ ನಿಘಂಟು, ಎಲ್ಲವೂ ಬೆನ್ನು ಮುರಿದುಕೊಂಡು ಅಲ್ಲಿಗೆ ಬರುತ್ತಿದ್ದವು, ನೆಟ್ಟಗಾಗಿ ಹೊರಡುತ್ತಿದ್ದವು. ಒಂದೇ ಉದ್ದನೆಯ ಮೇಜು. ಆ ಕಡೆ ತಂಗಿ, ಹಾಳೆಗಳನ್ನು ಜೋಡಿಸಿ ಮರದ ಹೊಲಿಗೆ ಚೌಕಟ್ಟಿಗೆ ಕೊಟ್ಟು ದಾರದಲ್ಲಿ ಹೊಲಿಯುವವಳು. ಈ ಕಡೆ ಅಕ್ಕ, ರಟ್ಟು ಕತ್ತರಿಸಿ, ಅಂಟು ಬಳಿದು, ಬಟ್ಟೆ ಹೊದಿಸಿ, ಕಬ್ಬಿಣದ ಪ್ರೆಸ್ಸಿಗೆ ಕೊಟ್ಟು ಚಕ್ರ ತಿರುಗಿಸುವವಳು. ನಡುವೆ ಒಂದು ಅಂಟಿನ ಬೋಗುಣಿ. ಇಬ್ಬರ ಬ್ರಷ್ಷೂ ಅದರಲ್ಲೇ ಮುಳುಗಿರುತ್ತಿತ್ತು.

ಮದುವೆಯಾದ ಮೇಲೂ ತಂಗಿ ಬೇರೆ ಮನೆಗೆ ಹೋಗಲಿಲ್ಲ. ಗಂಡನನ್ನೇ ಅಂಗಡಿಯ ಮೇಲಿನ ಮನೆಗೆ ಕರೆತಂದಳು. ಅವನು ಬಸ್ಸು ಕಾರುಗಳ ಸೀಟಿಗೆ ಸ್ಪಂಜು ತುಂಬಿ ಹೊಲಿಯುವವನು. ಬೀದಿಯವರೆಲ್ಲ ಸೀಟಣ್ಣ ಎಂದೇ ಕರೆಯುತ್ತಿದ್ದರು. ಅಕ್ಕ ಮದುವೆಯಾಗಲಿಲ್ಲ. ಯಾಕೆ ಎಂದು ಕೆದಕಿದವರಿಗೆ, ‘ಅಂಟು ಒಣಗೋವರೆಗೆ ಕೈ ಬಿಡೋ ಹಾಗಿಲ್ಲ, ಮದುವೆಗೆ ಪುರುಸೊತ್ತೆಲ್ಲಿ’ ಎಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದಳು. ಮೂವರದೇ ಸಂಸಾರ. ಮಾತು, ಮುನಿಸು, ನಗೆಚಾಟಿಕೆ ಎಲ್ಲವೂ ಆ ಮೇಜಿನ ಸುತ್ತಲೇ ನಡೆದುಹೋಗುತ್ತಿತ್ತು.

ಅಕ್ಕನಿಗೆ ಸಂಧಿವಾತ ಶುರುವಾಗಿ ಕೆಲವು ವರ್ಷಗಳಾಗಿದ್ದವು. ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ಇದು ವಯಸ್ಸಾದವರಿಗೆ ಬರುವ ಕೀಲು ಸವೆತ ಅಲ್ಲ, ರುಮಟಾಯ್ಡ್ ಎನ್ನುವ ಬೇರೆ ಜಾತಿಯ ಸಂಧಿವಾತ ಎಂದು ಹೇಳಿದ್ದರು. ಮೈಯನ್ನು ಕಾಯಬೇಕಾದ ಶಕ್ತಿಯೇ ದಾರಿ ತಪ್ಪಿ ಕೀಲುಗಳ ಮೇಲೆ ಬೀಳುತ್ತದೆ, ಅದನ್ನು ಹದ್ದುಬಸ್ತಿನಲ್ಲಿಡಲು ವಾರಕ್ಕೊಂದು ಸಲ ಈ ಮಾತ್ರೆ, ತಪ್ಪಿಸಬಾರದು ಎಂದಿದ್ದರು. ಅಕ್ಕ ತಪ್ಪಿಸಿರಲೂ ಇಲ್ಲ. ಊತ ಇಳಿದಿತ್ತು, ಕತ್ತರಿ ಹಿಡಿಯಲು ಬರುತ್ತಿತ್ತು. ಮಣಿಕಟ್ಟಿನ ಕಸುವು ಮಾತ್ರ ಮೊದಲಿನ ಹಾಗೆ ಇರಲಿಲ್ಲ. ಅದಕ್ಕೆ ಅವಳು ತನ್ನದೇ ಒಂದು ಉಪಾಯ ಕಂಡುಕೊಂಡಳು. ಅಂಟು ಹಚ್ಚಿದ ರಟ್ಟನ್ನು ಅಂಗೈಯಿಂದ ಒತ್ತುವ ಬದಲು ಮೊಣಕೈ ಊರಿ, ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟು ಒತ್ತುತ್ತಿದ್ದಳು. ದಿನಾ ಅದೇ ಮೊಣಕೈ, ಅದೇ ಗಟ್ಟಿ ಮೇಜು.

ಒಂದು ದಿನ ಸ್ನಾನ ಮಾಡುವಾಗ ಸೋಪು ಮೊಣಕೈಯ ಹತ್ತಿರ ಏನನ್ನೋ ಹತ್ತಿ ಇಳಿಯಿತು. ಮುಟ್ಟಿ ನೋಡಿದರೆ ಚರ್ಮದ ಕೆಳಗೆ ಬಟಾಣಿ ಕಾಳಿನಷ್ಟು ಒಂದು ಗಂಟು. ಗಟ್ಟಿಯಾಗಿತ್ತು, ನೋವಿರಲಿಲ್ಲ. ನೋವಿಲ್ಲದ ಮೇಲೆ ಯಾಕೆ ತಲೆ ಕೆಡಿಸಿಕೊಳ್ಳಬೇಕು ಎಂದು ಅಕ್ಕ ಅದನ್ನು ಅಲ್ಲಿಗೇ ಬಿಟ್ಟಳು. ಬರಬರುತ್ತ ಅದರ ಪಕ್ಕದಲ್ಲಿ ಇನ್ನೊಂದು ಎದ್ದಿತು. ಆಮೇಲೆ ತೋರುಬೆರಳಿನ ಗೆಣ್ಣಿನ ಮೇಲೂ ಒಂದು.

ಅದನ್ನು ಮೊದಲು ನೋಡಿದವನು ಸೀಟಣ್ಣ. ಊಟಕ್ಕೆ ಕೂತಿದ್ದಾಗ ಅಕ್ಕ ನೀರಿನ ಲೋಟ ಅವನ ಕಡೆ ಸರಿಸಿದಳು.

‘ಅತ್ತಿಗೆ, ಇದೇನು ಬೆರಳಿನ ಮೇಲೆ?’ ಎಂದು ಅವನು ಕೇಳಿದ. ‘ನಮ್ಮ ಗ್ಯಾರೇಜಿಗೆ ಬರೋ ಒಬ್ಬ ಡ್ರೈವರಿಗೆ ಹೀಗೇ ಒಂದು ಎದ್ದಿತ್ತು. ಆಮೇಲೆ ಮೈಯೆಲ್ಲ ಹಬ್ಬಿ, ಮನೇಲಿ ಇದ್ದೋರಿಗೂ ಬಂತಂತೆ.’

‘ಊಟದ ಹೊತ್ತಲ್ಲಿ ಎಂಥಾ ಮಾತು ಆಡ್ತೀರಿ’ ಎಂದು ತಂಗಿ ಗದರಿದಳು.

ಸೀಟಣ್ಣನಿಗೆ ಬಾಯಿಗೆ ಬಂದದ್ದನ್ನು ಆಡಿಬಿಡುವ ಚಟ. ಮನಸ್ಸಿನಲ್ಲಿ ಏನೂ ಇರುವುದಿಲ್ಲ. ಆ ಡ್ರೈವರಿಗೆ ಏನು ಕಾಯಿಲೆಯಿತ್ತೋ, ಬಂದದ್ದು ಯಾರಿಗೋ, ಅವನಿಗೇ ನೆಟ್ಟಗೆ ಗೊತ್ತಿರಲಿಲ್ಲ. ಆಡಿದ, ಕೈತೊಳೆದ, ಮರೆತ. ಆದರೆ ಅಕ್ಕನ ತಲೆಯೊಳಗೆ ಹುಳ ಬಿಟ್ಟಾಗಿತ್ತು. ಆ ದಿನದಿಂದ ಅವಳು ತನ್ನ ಕೈಯನ್ನು ತಾನೇ ದೂರದಿಂದ ನೋಡತೊಡಗಿದಳು.

ಮರುದಿನ ಬೆಳಿಗ್ಗೆ ತಂಗಿ ಅಂಗಡಿಗೆ ಇಳಿದು ಬಂದಾಗ ಮೇಜಿನ ಮೇಲೆ ಎರಡು ಬೋಗುಣಿಗಳಿದ್ದವು.

‘ಇದ್ಯಾಕೆ ಅಕ್ಕ, ಎರಡು?’ ಎಂದಳು ತಂಗಿ.

‘ನಿಂದು ನಿನಗೆ, ನಂದು ನನಗೆ’ ಎಂದಳು ಅಕ್ಕ. ಮುಖ ಎತ್ತಲಿಲ್ಲ.

ಮನಸ್ಸಿನಲ್ಲಿ ಇದ್ದದ್ದು, ನನ್ನ ಬೆರಳು ತಗುಲಿದ ಅಂಟು ನಿನಗೆ ತಗುಲದಿರಲಿ ಎನ್ನುವುದು. ಬಾಯಿಂದ ಬಂದದ್ದು ಮಾತ್ರ ಪಾಲಿನ ಮಾತಿನ ಹಾಗೆ ಕೇಳಿಸಿತು. ಎರಡು ದಿನ ಬಿಟ್ಟು ಅಕ್ಕ, ಮೇಲೆ ಸೆಕೆ ಎಂಬ ನೆಪ ಹೇಳಿ, ಅಂಗಡಿಯ ಹಿಂದಿನ ಕಾಗದದ ಕೋಣೆಗೆ ಹಾಸಿಗೆ ತಂದುಕೊಂಡಳು. ತನ್ನ ತಟ್ಟೆ, ಲೋಟ, ಟವೆಲು ಎಲ್ಲ ಬೇರೆ ಮಾಡಿಕೊಂಡಳು. ಸೀಟಣ್ಣನ ಹಳೆಯ ತುಂಬುತೋಳಿನ ಅಂಗಿಯೊಂದನ್ನು ಸೀರೆಯ ಮೇಲೆ ಹಾಕಿಕೊಂಡು ಗುಂಡಿ ಬಿಗಿದಳು. ಗಂಟು ಬಂದದ್ದು ಮಾತ್ರೆಯಿಂದಲೇ ಇರಬೇಕು ಎಂದು ತಾನೇ ತೀರ್ಮಾನಿಸಿ ಮಾತ್ರೆಯನ್ನೂ ನಿಲ್ಲಿಸಿದಳು. ಯಾರನ್ನೂ ಕೇಳಲಿಲ್ಲ. ಆಸ್ಪತ್ರೆಗೆ ಹೋಗುವ ದಿನ ಬಂದಾಗ, ಹೋದರೆ ‘ಇದು ಅಂಟುರೋಗ’ ಎಂದು ಡಾಕ್ಟರಮ್ಮನ ಬಾಯಿಂದಲೇ ಕೇಳಬೇಕಾಗುತ್ತದೆ ಎಂದು ಹೆದರಿ ಹೋಗಲಿಲ್ಲ.

ತಂಗಿ ಸುಮ್ಮನಿರುವವಳಲ್ಲ. ಮೊದಲ ವಾರ, ‘ಏನಾಯ್ತು, ಯಾಕೆ ಹೀಗಾಡ್ತೀಯ’ ಎಂದು ಹಿಂದೆ ಮುಂದೆ ಸುತ್ತಿದಳು. ಅಕ್ಕ ಹೂಂ, ಊಹೂಂ ಎರಡರಲ್ಲೇ ಮುಗಿಸಿದಳು. ಒಂದು ಸಲ ತಂಗಿ ಅವಳ ಭುಜ ಹಿಡಿದು ತಿರುಗಿಸಲು ಹೋದಾಗ ಅಕ್ಕ ಬೆಂಕಿ ತಾಕಿದವಳಂತೆ ಹಿಂದೆ ಸರಿದಳು. ‘ಮುಟ್ಬೇಡ ನನ್ನ’ ಎಂದಳು. ಆ ಮಾತಿಗೆ ತಂಗಿಯ ಮುಖ ಬಿಳಿಚಿಕೊಂಡಿತು. ಅವಳು ಮತ್ತೆ ಕೇಳಲಿಲ್ಲ, ಅಂಗಡಿಗೆ ಇಳಿಯುವುದನ್ನೂ ಬಿಟ್ಟಳು.

ಆಮೇಲಿನ ದಿನಗಳ ಒಂಟಿತನವನ್ನು ಏನೆಂದು ಹೇಳುವುದು? ಹತ್ತಿರದವರು ಊರಲ್ಲಿಲ್ಲದಿದ್ದರೆ ಅದೊಂದು ಬಗೆ. ತಲೆಯ ಮೇಲೆ, ಹಲಗೆಯ ಆಚೆ, ಅವರ ಕುರ್ಚಿ ಎಳೆಯುವ ಸದ್ದು ಕೇಳುತ್ತಿರುವಾಗ ಒಂಟಿಯಾಗಿರುವುದು ಬೇರೆ ಬಗೆ. ಅಕ್ಕ ಕಾಗದದ ಕಟ್ಟಿನ ಮೇಲೆ ಕೂತು ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಉಣ್ಣುತ್ತಿದ್ದಳು. ಮೇಲೆ ಪಾತ್ರೆ ತೊಳೆಯುವ ಸದ್ದಾಗುತ್ತಿತ್ತು, ತಂಗಿ ಏನೋ ಹೇಳುವುದು, ಸೀಟಣ್ಣ ನಗುವುದು ಕೇಳುತ್ತಿತ್ತು. ಏನು ಹೇಳಿದಳು ಎಂದು ತಿಳಿಯುತ್ತಿರಲಿಲ್ಲ. ಬಾಗಿಲವರೆಗೂ ಹೋಗಿ, ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಹಿಂದಕ್ಕೆ ಬಂದು ಕೂತದ್ದೂ ಉಂಟು. ಮಾತಾಡಲು ಯಾರೂ ಇಲ್ಲದೆ ಅಕ್ಕ ಪುಸ್ತಕಗಳ ಜೊತೆ ಮಾತಾಡಲು ಕಲಿತಳು. ‘ಬಾರಪ್ಪ, ನಿನಗೂ ಬೆನ್ನು ಹೋಯ್ತಾ’ ಎಂದು ನಿಘಂಟನ್ನು ಕೇಳುತ್ತಿದ್ದಳು. ಹೀಗೆ ತಿಂಗಳುಗಳೇ ಉರುಳಿದವು. ಮಾತ್ರೆ ಬಿಟ್ಟಿದ್ದರಿಂದ ಕೀಲುಗಳು ಮತ್ತೆ ಊದಿಕೊಂಡವು. ಕತ್ತರಿ ಕೈಯಿಂದ ಜಾರತೊಡಗಿತು.

ಈಗ ಕೇಳಿ, ಅವಳು ಮಾಡಿಕೊಂಡ ಎಡವಟ್ಟನ್ನು. ಪುಸ್ತಕದ ಹೊದಿಕೆಗೆ ಕಾಗದ ಅಂಟಿಸುವಾಗ ಒಮ್ಮೊಮ್ಮೆ ಒಳಗೆ ಗಾಳಿ ಸಿಕ್ಕಿಕೊಂಡು ಗುಳ್ಳೆ ಏಳುತ್ತದೆ. ಅದಕ್ಕೆ ಬೈಂಡಿಂಗಿನವರು ಮಾಡುವುದು ಇಷ್ಟೇ. ಸಣ್ಣ ಸೂಜಿಯಿಂದ ಚುಚ್ಚಿ, ಗಾಳಿ ಬಿಟ್ಟು, ಮೇಲೊಂದು ಭಾರ ಹೇರಿ ಇಡುವುದು. ಬೆಳಗಾಗುವುದರಲ್ಲಿ ಕಾಗದ ಸಪಾಟಾಗಿರುತ್ತದೆ. ಅಕ್ಕ ಇಂಥ ಗುಳ್ಳೆಗಳನ್ನು ಬದುಕಿನಲ್ಲಿ ಎಷ್ಟು ಇಳಿಸಿದ್ದಳೋ ಲೆಕ್ಕವಿಲ್ಲ. ಒಂದು ಮಧ್ಯಾಹ್ನ ಮೊಣಕೈಯ ಗಂಟನ್ನು ಸವರುತ್ತ ಕೂತವಳಿಗೆ, ಇದನ್ನೂ ಹಾಗೇ ಇಳಿಸಿದರೆ ಏನು ಎನ್ನಿಸಿತು. ಇಳಿದುಹೋದರೆ ಮೇಲೆ ಹೋಗಬಹುದು. ತಂಗಿಯ ಎದುರು ಕೂರಬಹುದು. ಅಷ್ಟೇ ಅವಳ ಆಸೆ.

ಹೊಲಿಗೆಯ ಸೂಜಿಯನ್ನು ಬಿಸಿನೀರಿನಲ್ಲಿ ಅದ್ದಿ, ಚುಚ್ಚಿಕೊಂಡಳು. ಒಳಗಿನಿಂದ ಏನೂ ಬರಲಿಲ್ಲ. ಒಂದು ತೊಟ್ಟು ರಕ್ತ ಬಂತು. ಇನ್ನೂ ಸ್ವಲ್ಪ ಆಳಕ್ಕೆ ಚುಚ್ಚಿದಳು. ಆಮೇಲೆ ಬೈಂಡಿಂಗ್ ಬಟ್ಟೆಯ ಪಟ್ಟಿಯೊಂದರೊಳಗೆ ರಟ್ಟಿನ ಚೂರು ಇಟ್ಟು ಬಿಗಿಯಾಗಿ ಕಟ್ಟಿದಳು. ಮೈಗೂ ಪುಸ್ತಕಕ್ಕೂ ಇರುವ ವ್ಯತ್ಯಾಸ ಅವಳಿಗೆ ಗೊತ್ತಿರಲಿಲ್ಲ ಎಂದಲ್ಲ. ಒಬ್ಬಳೇ ಕೂತು ಯೋಚಿಸಿದರೆ ಎಂಥ ಹುಚ್ಚು ಯೋಚನೆಯೂ ಸರಿ ಎನ್ನಿಸುತ್ತದೆ. ‘ಅಕ್ಕ, ನಿನಗೆ ತಲೆ ಕೆಟ್ಟಿದ್ಯಾ’ ಎನ್ನಲು ಎದುರಿಗೆ ಒಬ್ಬರು ಬೇಕಿತ್ತು.

ಎರಡು ದಿನದಲ್ಲಿ ಮೊಣಕೈ ಕೆಂಪಗಾಗಿ ಬಿಸಿಯೇರಿತು. ಮೂರನೆಯ ದಿನ ಮೈಕೈ ನಡುಗಿಸುವ ಜ್ವರ.

ಅವತ್ತೇ ತಂಗಿ ಅಂಗಡಿಗೆ ಬಂದು, ಮೇಜಿನ ಆ ಕಡೆ ನಿಂತುಕೊಂಡೇ ಮಾತಾಡಿದಳು. ಹೇಳಬೇಕಾದ್ದನ್ನು ಬಾಯಿಪಾಠ ಮಾಡಿಕೊಂಡು ಬಂದವಳಂತಿತ್ತು ಅವಳ ದನಿ.

‘ಅಕ್ಕ, ಇವರು ಗ್ಯಾರೇಜಿನ ಹತ್ತಿರ ಒಂದು ಮನೆ ನೋಡಿದ್ದಾರೆ. ಈ ತಿಂಗಳ ಕೊನೆಗೆ ಹೋಗ್ತೀವಿ. ನಿನಗೆ ನಾವು ಬೇಡ ಅನ್ನೋದು ಅರ್ಥ ಆಯ್ತು. ಅಂಟಿನ ಬೋಗುಣಿ ಬೇರೆ ಮಾಡಿದ ದಿನಾನೇ ಅರ್ಥ ಆಗ್ಬೇಕಿತ್ತು, ನಾನೇ ದಡ್ಡಿ. ಪ್ರೆಸ್ಸು ನೀನೇ ಇಟ್ಕೋ. ನನಗೆ ಹೊಲಿಗೆ ಚೌಕಟ್ಟು ಒಂದು ಕೊಟ್ರೆ ಸಾಕು.’

ಅಕ್ಕ ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಟ್ಟಳು. ಹೋಗಬೇಡ ಎನ್ನಬೇಕು ಎಂದುಕೊಂಡಳು. ಅದರ ಹಿಂದೆಯೇ, ಹೋಗಲಿ, ದೂರ ಇದ್ದರಾದರೂ ಚೆನ್ನಾಗಿರುತ್ತಾರೆ ಎಂದೂ ಅನ್ನಿಸಿತು. ‘ಹೊಲಿಗೆ ಚೌಕಟ್ಟು ತಗೊಂಡು ಹೋಗು’ ಎಂದು ಹೇಳಿ, ಅದನ್ನು ಎತ್ತಿಕೊಡಲು ಎದ್ದಳು. ಚೌಕಟ್ಟು ಭಾರವೇನಲ್ಲ. ಆದರೆ ಎತ್ತುವಾಗ ಕೈ ಸೋತು ಅದು ನೆಲಕ್ಕೆ ಬಿತ್ತು, ಅಕ್ಕ ಮೇಜನ್ನು ಹಿಡಿದುಕೊಂಡು ಕುಸಿದಳು. ತಂಗಿ ಓಡಿಬಂದು ತಬ್ಬಿ ಹಿಡಿದಳು. ಮೈ ಕೆಂಡದಂತಿತ್ತು.

‘ಬಿಡು, ಬಿಡು, ಮುಟ್ಬೇಡ, ನಿನಗೂ ಬರುತ್ತೆ’ ಎಂದು ಅಕ್ಕ ಗೋಗರೆದಳು.

‘ಏನು ಬರುತ್ತೆ? ಅದೇನು ಅಂತ ಬಾಯಿಬಿಟ್ಟು ಹೇಳು.’

ಅಕ್ಕ ಅಂಗಿಯ ತೋಳನ್ನು ಮೇಲಕ್ಕೆ ಸರಿಸಿದಳು. ಕಟ್ಟಿದ ಪಟ್ಟಿ ಕೀವಿನಿಂದ ಒದ್ದೆಯಾಗಿತ್ತು. ಅವಳು ಒಂದೊಂದಾಗಿ ಎಲ್ಲವನ್ನೂ ಹೇಳಿದಳು. ಸೀಟಣ್ಣನ ಮಾತು, ಬೋಗುಣಿ, ಕಾಗದದ ಕೋಣೆ, ಸೂಜಿ. ಕೇಳುತ್ತ ಕೇಳುತ್ತ ತಂಗಿಗೆ ಸಿಟ್ಟು ಬಂತು, ಅಳು ಬಂತು.

‘ಇಷ್ಟು ತಿಂಗಳು ನೀನು ನನ್ನ ಮೇಲೆ ಕೋಪ ಮಾಡ್ಕೊಂಡಿದೀಯ ಅಂತ ನಾನು ದಿನಾ ಅಳ್ತಿದ್ದೆ ಅಕ್ಕ’ ಎಂದಳು. ‘ನೀನು ನೋಡಿದ್ರೆ ಕೆಳಗೆ ಕೂತು, ನನಗೆ ರೋಗ ಬಾರದ ಹಾಗೆ ನನ್ನ ಕಾಯ್ತಾ ಇದ್ದೆ.’

ಅಷ್ಟು ಹೊತ್ತಿಗೆ ಸೀಟಣ್ಣ ಬಂದ. ಮೂವರೂ ಅವನ ಗಾಡಿಯಲ್ಲಿ ಆಸ್ಪತ್ರೆಗೆ ಹೋದರು, ದಾರಿಯಲ್ಲಿ ತಂಗಿ ಅವನಿಗೂ ಎಲ್ಲವನ್ನೂ ಹೇಳಿದಳು.

ಡಾಕ್ಟರಮ್ಮ ಮೊಣಕೈ ನೋಡಿದರು. ಕೀವು ತೆಗೆದು, ತೊಳೆದು, ಸ್ವಲ್ಪವನ್ನು ಪರೀಕ್ಷೆಗೆ ಕಳಿಸಿ, ಸೋಂಕಿಗೆ ಔಷಧಿ ಹಾಕಿಸಿ, ‘ಇಲ್ಲೇ ಎರಡು ದಿನ ಇರಬೇಕು’ ಎಂದರು. ಆಮೇಲೆ ಹಾಸಿಗೆಯ ಅಂಚಿನಲ್ಲಿ ಕೂತು ಕೇಳಿದರು. ‘ಮಾತ್ರೆ ಬಿಟ್ಟದ್ದು ಯಾರನ್ನ ಕೇಳಿ?’

‘ಅದರಿಂದಲೇ ಗಂಟು ಬಂತು ಅಂದ್ಕೊಂಡೆ’ ಎಂದಳು ಅಕ್ಕ.

‘ಕೆಲವರಿಗೆ ಆ ಮಾತ್ರೆಯಿಂದ ಗಂಟು ಹೆಚ್ಚೋದೂ ಉಂಟು. ನಿಮ್ಮ ಅನುಮಾನ ಪೂರ್ತಿ ತಪ್ಪಲ್ಲ. ಆದರೆ ಅದನ್ನ ತೂಗಿ ನೋಡಿ, ಬೇಕಿದ್ರೆ ಬೇರೆ ಮಾತ್ರೆಗೆ ಬದಲಾಯಿಸೋದು ನನ್ನ ಕೆಲಸ. ಬಂದು ಹೇಳಿದ್ರೆ ತಾನೇ? ನೀವಾಗೇ ನಿಲ್ಲಿಸಿದ್ದಕ್ಕೆ ಕಾಯಿಲೆ ಹೇಗೆ ಮೈಮೇಲೆ ಬಂದಿದೆ ನೋಡಿ. ಈಗ ಸೋಂಕು ಇಳಿಯೋವರೆಗೆ ಮಾತ್ರೆಯನ್ನ ನಾನೇ ತಡೆ ಹಿಡಿದಿದ್ದೀನಿ. ಮತ್ತೆ ಯಾವಾಗ ಶುರು ಮಾಡ್ಬೇಕು ಅನ್ನೋದನ್ನೂ ನಾನೇ ಹೇಳ್ತೀನಿ.’

ಡಾಕ್ಟರಮ್ಮ ಹೋದ ಮೇಲೆ ಗಾಯಕ್ಕೆ ಪಟ್ಟಿ ಕಟ್ಟಲು ನರ್ಸಮ್ಮ ಬಂದರು. ದಪ್ಪ ಕನ್ನಡಕ, ತಮಾಷೆಯ ಮಾತು. ಸೀಟಣ್ಣ ಬಾಗಿಲ ಹತ್ತಿರವೇ ನಿಂತಿದ್ದ. ಒಳಗೆ ಬರಲು ಅವನಿಗೆ ಇನ್ನೂ ಅಳುಕು.

‘ಸಿಸ್ಟರ್, ಇದು ಅಂಟೋ ಕಾಯಿಲೆ ಅಲ್ವಾ?’ ಎಂದು ಅವನು ಅಲ್ಲಿಂದಲೇ ಕೇಳಿದ.

‘ಅಂಟೋದಾದ್ರೆ ಮೊದಲು ನನಗೆ ಅಂಟಬೇಕಿತ್ತು’ ಎಂದರು ನರ್ಸಮ್ಮ, ತಿರುಗಿ ನೋಡದೆ. ‘ಎಷ್ಟೋ ವರ್ಷದಿಂದ ಇಂಥಾ ಮೊಣಕೈ ಹಿಡಿದು ಹಿಡಿದು ಕೂತಿದ್ದೀನಿ. ನನ್ನ ಕೈ ನೋಡಿ, ಹೇಗಿದೆ?’

‘ಚೆನ್ನಾಗಿದೆ’ ಎಂದ ಸೀಟಣ್ಣ.

‘ಹಾಗಾದ್ರೆ ಒಳಗೆ ಬಂದು ಈ ಬಟ್ಟಲು ಹಿಡ್ಕೊಳ್ಳಿ. ಬಾಗಿಲು ಕಾಯೋಕೆ ಆಸ್ಪತ್ರೇಲಿ ಬೇರೆಯವರಿದ್ದಾರೆ.’

ಸೀಟಣ್ಣ ತಲೆ ತಗ್ಗಿಸಿ ಒಳಗೆ ಬಂದು ಬಟ್ಟಲು ಹಿಡಿದುಕೊಂಡ. ಪಟ್ಟಿ ಕಟ್ಟುತ್ತಲೇ ನರ್ಸಮ್ಮ ಮೂವರಿಗೂ ಕೇಳುವಂತೆ ಹೇಳಿದರು.

‘ಈ ಸಂಧಿವಾತ ಇರೋರಲ್ಲಿ ನಾಲ್ಕೈದು ಜನಕ್ಕೆ ಒಬ್ಬರಿಗೆ ಇಂಥ ಗಂಟು ಬರುತ್ತೆ. ಕಾಯಿಲೆಯ ಒಂದು ಭಾಗ ಇದು. ಮುಟ್ಟಿದ್ರೆ ಬರಲ್ಲ, ಜೊತೇಲಿ ಉಂಡ್ರೆ ಬರಲ್ಲ, ಒಂದೇ ಟವೆಲಲ್ಲಿ ಮುಖ ಒರೆಸಿಕೊಂಡ್ರೂ ಬರಲ್ಲ. ಕ್ಯಾನ್ಸರೂ ಅಲ್ಲ. ಎಲ್ಲಿ ಒತ್ತಡ ಬೀಳುತ್ತೋ ಅಲ್ಲಿ ಹೆಚ್ಚಾಗಿ ಏಳುತ್ತೆ. ಮೊಣಕೈ, ಬೆರಳಿನ ಗೆಣ್ಣು, ಹಿಮ್ಮಡಿ, ಅಂಥ ಕಡೆ. ಬೀಡಿ ಸಿಗರೇಟು ಸೇದೋರಿಗೆ ಇನ್ನೂ ಜಾಸ್ತಿ.’

‘ಹಾಗಾದ್ರೆ ಕೊಯ್ದು ತೆಗೆದುಬಿಡಬಾರದಾ?’ ಎಂದು ತಂಗಿ ಕೇಳಿದಳು.

‘ಎಷ್ಟೋ ಸಲ ಏನೂ ಮಾಡೋದೇ ಬೇಡ ಕಣಮ್ಮ. ನೋವಿಲ್ಲ, ಕೆಲಸಕ್ಕೆ ಅಡ್ಡಿ ಇಲ್ಲ ಅಂದ್ರೆ ಅದರ ಪಾಡಿಗೆ ಅದು ಇರುತ್ತೆ. ಕಾಯಿಲೆ ಹತೋಟಿಗೆ ಬಂದ್ರೆ ಕೆಲವು ತಾನೇ ಸಣ್ಣದಾಗುತ್ತೆ. ನರ ಒತ್ತಿದ್ರೆ, ಕೈ ಮಡಚೋಕೆ ಬಿಡದಿದ್ರೆ, ಪದೇ ಪದೇ ಹುಣ್ಣಾದ್ರೆ, ಆಗ ಡಾಕ್ಟರು ಇಂಜೆಕ್ಷನ್ ಕೊಡೋದೋ ಕೊಯ್ಯೋದೋ ನೋಡ್ತಾರೆ. ಕೊಯ್ದ ಮೇಲೂ ಮತ್ತೆ ಬರಬಹುದು, ಅದಕ್ಕೆ ಅವಸರ ಮಾಡಲ್ಲ. ಮನೇಲಿ ಮಾತ್ರ ಯಾರೂ ಸೂಜಿ, ಬ್ಲೇಡು ಮುಟ್ಟಬಾರದು.’ ಇಷ್ಟು ಹೇಳಿ ಅಕ್ಕನ ಮುಖ ನೋಡಿದರು. ‘ಈ ಕಾಯಿಲೆ ಇದ್ದು, ಅದರ ಮಾತ್ರೆ ತಗೊಳ್ಳೋರ ಮೈಗೆ ಸೋಂಕು ಬೇಗ ಹಿಡಿಯುತ್ತೆ. ಸಣ್ಣ ಗಾಯಾನೂ ಸಣ್ಣದಲ್ಲ. ಇನ್ನೊಂದು ವಾರ ಬಿಟ್ಟಿದ್ರೆ ಏನಾಗ್ತಿತ್ತೋ ಹೇಳೋಕೆ ನನಗೇ ಭಯ.’

‘ಆ ಡ್ರೈವರಿಗೆ...’ ಎಂದು ಸೀಟಣ್ಣ ಬಾಯಿ ತೆರೆದ.

‘ಆ ಡ್ರೈವರಿಗೆ ಏನಾಗಿತ್ತು ಅಂತ ನಿಮಗೆ ಗೊತ್ತಾ?’

‘ಇಲ್ಲ.’

‘ನನಗೂ ಗೊತ್ತಿಲ್ಲ. ಗಂಟುಗಳಲ್ಲಿ ನೂರು ತರ. ಅದಕ್ಕೇ ಹೇಳೋದು, ಮೈಮೇಲೆ ಹೊಸದಾಗಿ ಯಾವ ಗಂಟು ಎದ್ದರೂ ಒಂದು ಸಲ ಡಾಕ್ಟರಿಗೆ ತೋರಿಸಿ ಅಂತ. ಇದು ಇಂಥದ್ದೇ ಅಂತ ನಾವೇ ಹೆಸರಿಡೋದು ಬೇಡ.’

ಸೀಟಣ್ಣ ಬಟ್ಟಲು ಹಿಡಿದುಕೊಂಡೇ ಅಕ್ಕನ ಕಡೆ ತಿರುಗಿದ. ‘ನಾನು ಆಡಿದ್ದು ನನಗೆ ನೆನಪೇ ಇರಲಿಲ್ಲ ಅತ್ತಿಗೆ’ ಎಂದ. ಅಕ್ಕನಿಗೆ ಅವನ ಮೇಲೆ ಸಿಟ್ಟಿರಲಿಲ್ಲ. ತನ್ನ ಮೇಲೆಯೇ ಇತ್ತು. ಒಂದು ಸಲ ಬಾಯಿಬಿಟ್ಟು ಕೇಳಿದ್ದರೆ ಮುಗಿಯುತ್ತಿದ್ದ ಸಂಗತಿಗೆ ಅವಳು ಅಷ್ಟು ತಿಂಗಳು ತೆತ್ತಿದ್ದಳು. ಆ ದಿನಗಳನ್ನು ಯಾವ ಔಷಧಿಯೂ ಹಿಂದಕ್ಕೆ ಕೊಡುವುದಿಲ್ಲ.

ಗಾಯ ಮಾಯಲು ವಾರಗಳೇ ಹಿಡಿದವು. ಮನೆ ಬದಲಾಯಿಸುವ ಮಾತನ್ನು ಯಾರೂ ಎತ್ತಲಿಲ್ಲ. ಸೀಟಣ್ಣ ಬಸ್ಸಿನ ಸೀಟಿನಿಂದ ಉಳಿದ ಒಳ್ಳೆಯ ಸ್ಪಂಜನ್ನು ಕತ್ತರಿಸಿ, ಮೆತ್ತನೆಯ ಬಟ್ಟೆ ಹೊದಿಸಿ, ಅಕ್ಕನ ಮೊಣಕೈಗೆ ಒಂದು ಗವುಸು ಹೊಲಿದ. ಮೊದಲನೆಯದು ಬಿಗಿಯಾಯಿತು. ನರ್ಸಮ್ಮ ನೋಡಿ, ‘ರಕ್ತ ಓಡಾಡೋಕೆ ಜಾಗ ಬೇಡ್ವೇನ್ರಿ’ ಎಂದು ಹಿಂದಕ್ಕೆ ಕಳಿಸಿದರು. ಎರಡನೆಯದು ಸರಿಹೋಯಿತು. ಮೇಜಿನ ಅಂಚಿಗೂ ಅವನು ಸ್ಪಂಜು ಬಡಿದ. ರಟ್ಟು ಒತ್ತುವ ಕೆಲಸವನ್ನು ತಂಗಿ ತೆಗೆದುಕೊಂಡಳು. ಕೂತು ಮಾಡುವ ಹೊಲಿಗೆಯಲ್ಲಿ ಬೆರಳಿಗೆ ಆದಷ್ಟನ್ನು ಅಕ್ಕ ಮಾಡುತ್ತಿದ್ದಳು, ಆಗದಿದ್ದಾಗ ಬಿಡುತ್ತಿದ್ದಳು. ದಿನಾ ಸ್ನಾನವಾದ ಮೇಲೆ ತಂಗಿ ಅವಳ ಮೊಣಕೈ, ಬೆರಳು, ಹಿಮ್ಮಡಿ ನೋಡುತ್ತಿದ್ದಳು, ಎಲ್ಲಾದರೂ ಕೆಂಪಾಗಿದೆಯೇ, ಬಿಸಿಯಾಗಿದೆಯೇ, ಚರ್ಮ ಒಡೆದಿದೆಯೇ ಎಂದು. ಡಾಕ್ಟರಮ್ಮ ಮಾತ್ರೆ ಬದಲಾಯಿಸಿದರು. ಎದೆಯ ಎಕ್ಸ್‌ರೇಯನ್ನೂ ತೆಗೆಸಿದರು. ಅಪರೂಪಕ್ಕೆ ಒಳಗೂ ಇಂಥ ಗಂಟುಗಳು ಆಗುವುದುಂಟು, ಕೆಮ್ಮು ಬಿಡದಿದ್ದರೆ, ಉಸಿರು ಕಟ್ಟಿದರೆ ಬಂದು ಹೇಳಿ ಎಂದರು. ಅಕ್ಕನ ಎದೆಯಲ್ಲಿ ಏನೂ ಇರಲಿಲ್ಲ.

ಗಂಟುಗಳು ಎಲ್ಲ ಹೋದವೇ ಎಂದು ನೀವು ಕೇಳಬಹುದು. ಇಲ್ಲ. ಮೊಣಕೈಯದು ಒಂದು ಸಣ್ಣದಾಯಿತು. ಬೆರಳಿನದು ಇದ್ದ ಹಾಗೇ ಇದೆ. ಅಂಗಡಿಗೆ ಬಂದವರು, ‘ಏನದು ಬೆರಳಿಗೆ’ ಎಂದರೆ ಅಕ್ಕ ಈಗ, ‘ಸಂಧಿವಾತದ ಗಂಟು, ನಿಮಗೇನೂ ಆಗಲ್ಲ, ಪುಸ್ತಕ ಕೊಡಿ’ ಎನ್ನುತ್ತಾಳೆ. ಕೆಲವರು ಆಗಲೂ ಪುಸ್ತಕವನ್ನು ಕೈಗೆ ಕೊಡದೆ ಮೇಜಿನ ಮೇಲೆ ಇಟ್ಟು ಹೋಗುತ್ತಾರೆ. ಅದರಿಂದ ಅವಳಿಗೆ ನೋವಾಗುತ್ತದೆ. ಆಗುವುದಿಲ್ಲ ಎಂದರೆ ಸುಳ್ಳಾಗುತ್ತದೆ.

ಮೊನ್ನೆ ಅವಳು ತಪಾಸಣೆಗೆ ಆಸ್ಪತ್ರೆಗೆ ಹೋಗಿದ್ದಳು. ಉದ್ದನೆಯ ಬೆಂಚಿನ ತುದಿಯಲ್ಲಿ ಒಬ್ಬರು ನಡುವಯಸ್ಸಿನ ಗಂಡಸು ಕೂತಿದ್ದರು. ಟೈಪಿಂಗ್ ಕಲಿಸುವ ಮೇಷ್ಟ್ರು ಎಂದು ಆಮೇಲೆ ತಿಳಿಯಿತು. ಎರಡೂ ಕೈಗಳನ್ನು ಕೋಟಿನ ಜೇಬಿನಲ್ಲಿ ಇಟ್ಟಿದ್ದರು. ನೆಲದ ಮೇಲೆ ಬಿದ್ದ ಚೀಟಿಯನ್ನು ಎತ್ತಿಕೊಳ್ಳಲೂ ಕೈ ಹೊರಗೆ ತೆಗೆಯಲಿಲ್ಲ, ಕಾಲಿನಿಂದ ಹತ್ತಿರ ಸರಿಸಿಕೊಂಡರು. ನಡುವೆ ಇನ್ನೂ ಮೂರು ಜನ ಕೂರುವಷ್ಟು ಜಾಗವಿತ್ತು. ಅಕ್ಕ ಸರಿದು ಸರಿದು ಅವರ ಪಕ್ಕಕ್ಕೇ ಬಂದಳು. ಚೀಟಿ ಎತ್ತಿ ಅವರ ತೊಡೆಯ ಮೇಲಿಟ್ಟಳು. ಆಮೇಲೆ ತನ್ನ ಬೆರಳನ್ನು ಮುಂದೆ ಹಿಡಿದಳು.

‘ನನಗೆ ಇಲ್ಲೊಂದು ಇದೆ. ಮೊಣಕೈಯಲ್ಲಿ ಎರಡು’ ಎಂದಳು. ‘ನಿಮಗೆ?’

ಮೇಷ್ಟ್ರು ಆ ಬೆರಳನ್ನು ಬಗ್ಗಿ ನೋಡಿದರು. ‘ಮನೇಲಿ ಯಾರಿಗೂ ತೋರಿಸಿಲ್ಲ’ ಎಂದರು. ಕೈ ಮಾತ್ರ ಜೇಬಿನಲ್ಲೇ ಇತ್ತು.

ಅಕ್ಕ ಒತ್ತಾಯ ಮಾಡಲಿಲ್ಲ. ನರ್ಸಮ್ಮ ಬಂದು ಅವಳ ಸರದಿ ಎಂದು ಕೂಗಿದರು. ಅವಳು ಏಳುವುದರೊಳಗೆ ಮೇಷ್ಟ್ರು ಮೆಲ್ಲಗೆ ಕೇಳಿದರು.

‘ನಿಮ್ಮದು ಮುಗಿದ ಮೇಲೆ ಸ್ವಲ್ಪ ಹೊತ್ತು ಇರ್ತೀರಾ?’

‘ಇರ್ತೀನಿ’ ಎಂದಳು ಅಕ್ಕ. ಇದ್ದಳು ಕೂಡ. ಮೇಷ್ಟ್ರು ಒಳಗೆ ಹೋಗಿ ಹೊರಗೆ ಬರುವವರೆಗೂ ಆ ಬೆಂಚಿನ ಮೇಲೇ ಕೂತಿದ್ದಳು.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮಲ್ಲಿ ಯಾರಿಗಾದರೂ ಸಂಧಿವಾತವಿದ್ದು ಚರ್ಮದ ಕೆಳಗೆ ಗಂಟು ಕಂಡರೆ ಬಚ್ಚಿಡಬೇಡಿ. ಚುಚ್ಚಬೇಡಿ, ಹಿಸುಕಬೇಡಿ, ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಅದರ ಮೇಲೆ ಭಾರ ಬೀಳದ ಹಾಗೆ ನೋಡಿಕೊಳ್ಳಿ. ಬೀಡಿ ಸಿಗರೇಟು ಇದ್ದರೆ ಬಿಡಿ. ಗಂಟು ಕೆಂಪಾದರೆ, ಬಿಸಿಯಾದರೆ, ಒಡೆದರೆ, ಜ್ವರ ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಇನ್ನು ನಿಮ್ಮ ಮನೆಯಲ್ಲಿ, ನಿಮ್ಮ ಓಣಿಯಲ್ಲಿ, ನಿಮ್ಮ ಜೊತೆ ಕೆಲಸ ಮಾಡುವವರಲ್ಲಿ ಯಾರಾದರೂ ಕಾರಣ ಹೇಳದೆ ದೂರ ಸರಿಯುತ್ತಿದ್ದರೆ, ಅವರಿಗೆ ಸೊಕ್ಕು ಎಂದು ತೀರ್ಮಾನಿಸುವ ಮೊದಲು ಹತ್ತಿರ ಹೋಗಿ ಕೂತುಕೊಳ್ಳಿ. ಒಂದು ಸಲ ಕೇಳಿ. ಹೇಳದಿದ್ದರೆ ಇನ್ನೊಂದು ಸಲ ಕೇಳಿ. ಅವರು ಕೈ ಹೊರಗೆ ತೆಗೆಯುವವರೆಗೂ ಅಲ್ಲೇ ಇರಿ.